ರಕ್ತದಲ್ಲಿ ವೈರಸ್‌ನ ಪ್ರೋಟೀನ್: ಅದು ಹೇಳುವುದೆಷ್ಟು, ಹೇಳದಿರುವುದೆಷ್ಟು?

(ಸಂಘದ ವಾರ್ಷಿಕ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಮಳೆಗಾಲ ಆರಂಭವಾಯಿತೆಂದರೆ ನಮ್ಮ ಕ್ಲಿನಿಕ್ಕುಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ತಂದೆಯೋ ತಾಯಿಯೋ ಕೈಯಲ್ಲಿ ಲ್ಯಾಬಿನ ಚೀಟಿ ಹಿಡಿದು, "ಡಾಕ್ಟ್ರೇ, ಎನ್‌ಎಸ್-1 ಪಾಸಿಟಿವ್ ಅಂತ ಬಂದಿದೆ. ಮಗುವಿಗೆ ಜೋರಾಗ್ತದಾ?" ಎಂದು ಕೇಳುತ್ತಾರೆ. ಇನ್ನು ಕೆಲವರು, "ಎನ್‌ಎಸ್-1 ನೆಗೆಟಿವ್ ಬಂದಿದೆ, ಇನ್ನು ಹೆದರಿಕೆ ಇಲ್ಲವಲ್ಲ?" ಎಂದು ನಿಟ್ಟುಸಿರು ಬಿಡುತ್ತಾರೆ. ಮೊದಲನೆಯವರ ಭಯಕ್ಕೂ ಎರಡನೆಯವರ ಧೈರ್ಯಕ್ಕೂ ಆ ಚೀಟಿಯಲ್ಲಿ ಸಾಕಷ್ಟು ಆಧಾರವಿಲ್ಲ. ಹಾಗೆಂದು ಆ ಪರೀಕ್ಷೆ ನಿಷ್ಪ್ರಯೋಜಕವೂ ಅಲ್ಲ. ರಕ್ತದಲ್ಲಿರುವ ವೈರಸ್‌ನ ಪ್ರೋಟೀನನ್ನು ಅಳೆದು, ರೋಗ ಮುಂದೆ ಎಷ್ಟು ತೀವ್ರವಾಗಬಹುದು ಎಂದು ಮೊದಲೇ ತಿಳಿಯಲು ಸಾಧ್ಯವೇ? ಈ ವಿಷಯದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ರೋಟೀನ್ ರಕ್ತಕ್ಕೆ ಬರುವುದು ಹೇಗೆ?

ವೈರಸ್ ತಾನಾಗಿಯೇ ಬೆಳೆಯಲಾರದು. ಅದು ನಮ್ಮ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ವ್ಯವಸ್ಥೆಯನ್ನೇ ಬಳಸಿಕೊಂಡು ತನಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಹೊಸ ವೈರಸ್ ಕಣದ ಮೈಯನ್ನು ಕಟ್ಟುತ್ತವೆ. ಇನ್ನು ಕೆಲವು ಕಣದ ಭಾಗವಾಗದೆ ಕೋಶದೊಳಗಿನ ಕೆಲಸಕ್ಕೆ ಮಾತ್ರ ನಿಲ್ಲುತ್ತವೆ. ಕೋಶವು ಸತ್ತು ಒಡೆದಾಗ ಅಥವಾ ಜೀವಂತ ಕೋಶವೇ ಹೊರಹಾಕಿದಾಗ ಇವು ರಕ್ತಕ್ಕೆ ಬಂದು ಸೇರುತ್ತವೆ.

ಸೋಂಕನ್ನು ರಕ್ತದಲ್ಲಿ ಹುಡುಕಲು ಮುಖ್ಯವಾಗಿ ಮೂರು ದಾರಿಗಳಿವೆ. ಪಿಸಿಆರ್ ಪರೀಕ್ಷೆಯು ವೈರಸ್‌ನ ಆನುವಂಶಿಕ ವಸ್ತುವನ್ನು ಹುಡುಕುತ್ತದೆ. ಪ್ರತಿಕಾಯ ಪರೀಕ್ಷೆಯು ನಮ್ಮ ದೇಹ ವೈರಸ್‌ನ ವಿರುದ್ಧ ತಯಾರಿಸಿದ ಐಜಿಎಂ, ಐಜಿಜಿಗಳನ್ನು ಹುಡುಕುತ್ತದೆ. ಪ್ರತಿಜನಕ ಪರೀಕ್ಷೆ, ಅಂದರೆ ಆಂಟಿಜೆನ್ ಟೆಸ್ಟ್, ವೈರಸ್‌ನ ಪ್ರೋಟೀನನ್ನೇ ಹುಡುಕುತ್ತದೆ. ತೋಟಕ್ಕೆ ರಾತ್ರಿ ಹಂದಿ ನುಗ್ಗಿತೆಂದು ಭಾವಿಸಿ. ಮರುದಿನ ನಾವು ಹಾಕುವ ಬೇಲಿ ಪ್ರತಿಕಾಯದಂತೆ. ಹಂದಿ ಬಂದಿತ್ತೆಂದು ಅದು ಹೇಳುತ್ತದೆ, ಆದರೆ ತಡವಾಗಿ. ಅಗೆದು ಬಿಟ್ಟ ಮಣ್ಣು ವೈರಸ್‌ನ ಪ್ರೋಟೀನಿನಂತೆ. ಅದು ಆ ರಾತ್ರಿಯೇ ಕಾಣುತ್ತದೆ, ಎಷ್ಟು ಅಗೆದಿದೆ ಎಂದು ನೋಡಿದರೆ ಬಂದದ್ದು ಒಂದೋ ಹಿಂಡೋ ಎಂಬ ಅಂದಾಜೂ ಸಿಗುತ್ತದೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. "ಪ್ರೋಟೀನ್ ಇದೆಯೇ?" ಎಂಬುದು ಒಂದು. "ಎಷ್ಟಿದೆ, ರೋಗದ ಯಾವ ದಿನದಲ್ಲಿ ಇಷ್ಟಿದೆ?" ಎಂಬುದು ಇನ್ನೊಂದು. ಮೊದಲನೆಯದು ರೋಗದ ಹೆಸರು ಹೇಳುತ್ತದೆ. ಮುನ್ಸೂಚನೆ ಸಿಗುವುದಾದರೆ ಎರಡನೆಯದರಿಂದ ಸಿಗಬೇಕು.

ಹೆಪಟೈಟಿಸ್-ಬಿ ಕಲಿಸಿದ ಪಾಠ

ಈ ವಿಚಾರ ಹೊಸದಲ್ಲ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಚ್ ಬ್ಲೂಂಬರ್ಗ್ ಅವರು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಅಪರಿಚಿತ ಪ್ರೋಟೀನನ್ನು ಕಂಡರು. ಅದನ್ನು 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಕರೆದರು. ಅದು ಹೆಪಟೈಟಿಸ್-ಬಿ ವೈರಸ್‌ನ ಹೊರಮೈಯ ಪ್ರೋಟೀನ್ ಎಂದು ನಂತರ ತಿಳಿಯಿತು. ಈ ಕೆಲಸಕ್ಕಾಗಿ 1976ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಇಂದು ರಕ್ತದಾನ ಶಿಬಿರದಲ್ಲಿ ನೀವು ಕೊಟ್ಟ ರಕ್ತವನ್ನು ಬ್ಲಡ್ ಬ್ಯಾಂಕಿನಲ್ಲಿ ಎಚ್‌ಬಿಎಸ್‌ಎಜಿ ಎಂಬ ಪರೀಕ್ಷೆಗೆ ಒಳಪಡಿಸುತ್ತಾರಲ್ಲ, ಅದು ಇದೇ ಪ್ರೋಟೀನಿನ ಪರೀಕ್ಷೆ.

ಇದೇ ವೈರಸ್ ರಕ್ತಕ್ಕೆ ಬಿಡುವ ಇನ್ನೊಂದು ಪ್ರೋಟೀನಿಗೆ 'ಇ-ಆಂಟಿಜೆನ್' ಎಂದು ಹೆಸರು. ವೈರಸ್ ಭರದಿಂದ ವೃದ್ಧಿಯಾಗುತ್ತಿರುವಾಗ ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ತೈವಾನಿನಲ್ಲಿ 11,893 ಪುರುಷರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಎರಡೂ ಪ್ರೋಟೀನ್ ಇಲ್ಲದವರಿಗೆ ಹೋಲಿಸಿದರೆ, ಹೊರಮೈ ಪ್ರೋಟೀನ್ ಮಾತ್ರ ಇದ್ದವರಲ್ಲಿ ಯಕೃತ್ತಿನ ಕ್ಯಾನ್ಸರಿನ ಅಪಾಯ ಸುಮಾರು 10 ಪಟ್ಟು ಇತ್ತು. ಎರಡೂ ಇದ್ದವರಲ್ಲಿ ಅದು ಸುಮಾರು 60 ಪಟ್ಟು ಇತ್ತು. ಒಂದು ಸಣ್ಣ ಸೀಸೆ ರಕ್ತ ವರ್ಷಗಳ ನಂತರದ ಅಪಾಯದ ಸುಳಿವನ್ನು ಕೊಟ್ಟಿತ್ತು.

ಹೆಪಟೈಟಿಸ್-ಬಿ ನಿಧಾನದ ರೋಗ. ಎಚ್ಚರಿಕೆ ಸಿಕ್ಕ ಮೇಲೆ ಚಿಕಿತ್ಸೆಗೂ ನಿಗಾಕ್ಕೂ ವರ್ಷಗಳ ಸಮಯವಿರುತ್ತದೆ. ಡೆಂಗಿಯಲ್ಲಿ ನಮಗೆ ಸಿಗುವುದು ಮೂರು ನಾಲ್ಕು ದಿನ ಮಾತ್ರ.

ಡೆಂಗಿ ಮತ್ತು ಎನ್‌ಎಸ್-1

ಡೆಂಗಿ ವೈರಸ್ ಫ್ಲೇವಿವೈರಸ್ ಗುಂಪಿಗೆ ಸೇರಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಗುಂಪಿನದು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಅದನ್ನು ಹರಡುತ್ತದೆ. ಈ ವೈರಸ್ ತಯಾರಿಸುವ ಪ್ರೋಟೀನುಗಳು ಒಟ್ಟು ಹತ್ತು. ಮೂರು ಕಣದ ಮೈಯನ್ನು ಕಟ್ಟುತ್ತವೆ, ಉಳಿದ ಏಳು ಕಣದ ರಚನೆಗೆ ಸೇರುವುದಿಲ್ಲ. ಆ ಏಳರಲ್ಲಿ ಮೊದಲನೆಯದೇ ಎನ್‌ಎಸ್-1. ಸೋಂಕು ತಗುಲಿದ ಕೋಶವು ಇದನ್ನು ಹೊರಕ್ಕೆ ಸುರಿಸುತ್ತದೆ. ಆದ್ದರಿಂದ ಜ್ವರದ ಮೊದಲ ದಿನದಿಂದಲೇ ಇದು ರಕ್ತದಲ್ಲಿ ಸಿಗುತ್ತದೆ. ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಜ್ವರದ ಮೊದಲ ಐದು ದಿನ ಎನ್‌ಎಸ್-1, ಆಮೇಲೆ ಐಜಿಎಂ ಪರೀಕ್ಷೆ ಎಂಬ ಕ್ರಮ ಬಂದದ್ದು ಇದರಿಂದಲೇ.

2000ದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು ಎನ್‌ಎಸ್-1ನ ಪ್ರಮಾಣವನ್ನು ಅಳೆಯುವ ಎಲೈಸಾ ವಿಧಾನವನ್ನು ಪ್ರಕಟಿಸಿದರು. 2002ರಲ್ಲಿ ಥಾಯ್ಲೆಂಡಿನ ಮಕ್ಕಳ ಅಧ್ಯಯನವೊಂದು ಬಂತು. ಆ ಮಕ್ಕಳಿಗೆ ಬಂದದ್ದು ಎರಡನೇ ಬಗೆಯ ಡೆಂಗಿ. ಜ್ವರ ಬಂದ 72 ಗಂಟೆಗಳೊಳಗೆ ರಕ್ತದ ಒಂದು ಮಿಲಿಲೀಟರಿನಲ್ಲಿ 600 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಎನ್‌ಎಸ್-1 ಇದ್ದ ಮಕ್ಕಳಲ್ಲಿ ರೋಗವು ರಕ್ತಸ್ರಾವದ ಡೆಂಗಿ ಜ್ವರಕ್ಕೆ ತಿರುಗುವ ಅಪಾಯ ಹೆಚ್ಚೆಂದು ಅದು ತೋರಿಸಿತು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಅಷ್ಟು ಸಣ್ಣ ವಸ್ತುವಿನ ಲೆಕ್ಕದಲ್ಲಿ ಒಂದು ಮಗುವಿನ ಮುಂದಿನ ವಾರದ ಸುಳಿವು ಅಡಗಿತ್ತು.

ಎನ್‌ಎಸ್-1 ಸೋಂಕಿನ ಪ್ರಮಾಣವನ್ನು ತೋರಿಸುವ ಗುರುತು ಮಾತ್ರವೇ, ಅಥವಾ ಅದೇ ಹಾನಿಯನ್ನೂ ಮಾಡುತ್ತದೆಯೇ? 2015ರಲ್ಲಿ ಕ್ವೀನ್ಸ್‌ಲ್ಯಾಂಡಿನ ತಂಡವೂ ಅಮೆರಿಕದ ಬರ್ಕ್ಲಿಯ ತಂಡವೂ ಬೇರೆ ಬೇರೆಯಾಗಿ ಇದಕ್ಕೆ ಉತ್ತರ ಹುಡುಕಿದವು. ಎನ್‌ಎಸ್-1 ರಕ್ತನಾಳಗಳ ಒಳಪದರವನ್ನು ಸಡಿಲಗೊಳಿಸಿ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಸೋರುವಂತೆ ಮಾಡಬಲ್ಲದು ಎಂದು ಪ್ರಯೋಗಗಳು ತೋರಿಸಿದವು. ತೀವ್ರ ಡೆಂಗಿಯಲ್ಲಿ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಈ ಸೋರಿಕೆಯಿಂದಲೇ. ಪ್ಲಾಸ್ಮಾ ಹೊಟ್ಟೆಗೂ ಎದೆಗೂ ಸೋರಿಹೋದಾಗ ನಾಳಗಳಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ, ರೋಗಿ ಶಾಕ್ ಸ್ಥಿತಿಗೆ ಹೋಗುತ್ತಾನೆ.

ಹಾಗಾದರೆ ಅದನ್ನೇ ಅಳೆದರೆ ಸಾಲದೇ?

ಇಷ್ಟು ಕೇಳಿದ ಮೇಲೆ, "ಎಲ್ಲ ರೋಗಿಗಳ ಎನ್‌ಎಸ್-1 ಅಳೆದು 600 ದಾಟಿದವರನ್ನು ದಾಖಲಿಸಿಕೊಂಡರೆ ಆಯಿತಲ್ಲ" ಎಂದು ವಿದ್ಯಾರ್ಥಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಅಷ್ಟು ಸುಲಭವಲ್ಲದಿರಲು ಕಾರಣಗಳಿವೆ.

ಒಂದನೆಯದು, ದಿನದ ಲೆಕ್ಕ. ಎನ್‌ಎಸ್-1ನ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಎರಡನೇ ದಿನದ ಸಂಖ್ಯೆಯನ್ನು ಐದನೇ ದಿನದ ಸಂಖ್ಯೆಯ ಜೊತೆ ಹೋಲಿಸುವಂತಿಲ್ಲ. ಜ್ವರ ಯಾವ ದಿನ ಶುರುವಾಯಿತೆಂದು ಮನೆಯವರಿಗೇ ಖಚಿತವಿರದಿದ್ದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು, ಹಿಂದಿನ ಸೋಂಕು. ಒಂದು ಬಗೆಯ ಡೆಂಗಿ ಬಂದು ಹೋದವರಿಗೆ ಇನ್ನೊಂದು ಬಗೆ ತಗುಲಿದರೆ ರೋಗ ತೀವ್ರವಾಗುವ ಸಂಭವ ಹೆಚ್ಚು. ಆದರೆ ಅಂಥವರ ರಕ್ತದಲ್ಲಿ ಹಳೆಯ ಸೋಂಕಿನ ನೆನಪಿನಿಂದ ಪ್ರತಿಕಾಯಗಳು ಬೇಗನೆ ಹುಟ್ಟಿ ಎನ್‌ಎಸ್-1ಗೆ ಅಂಟಿಕೊಳ್ಳುತ್ತವೆ. ಆಗ ಪರೀಕ್ಷೆಗೆ ಅದು ಕಡಿಮೆ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಅಂದರೆ ಯಾರಿಗೆ ಅಪಾಯ ಹೆಚ್ಚೋ ಅವರಲ್ಲೇ ಪರೀಕ್ಷೆ 'ನೆಗೆಟಿವ್' ಎನ್ನುವ ಸಾಧ್ಯತೆಯೂ ಹೆಚ್ಚು. ಇದನ್ನು ತಾವೆಲ್ಲರೂ ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮೂರನೆಯದು, ವೈರಸ್‌ನ ನಾಲ್ಕು ಬಗೆಗಳಲ್ಲಿ ಎನ್‌ಎಸ್-1ನ ಪ್ರಮಾಣ ಒಂದೇ ತೆರನಾಗಿಲ್ಲ. ಒಂದು ಊರಿನಲ್ಲಿ, ಒಂದು ಬಗೆಗೆ ಸರಿಹೊಂದಿದ ಗಡಿ ಇನ್ನೊಂದು ಊರಿಗೆ ಹೊಂದದೆ ಹೋಗಬಹುದು.

ನಾಲ್ಕನೆಯದು, ನಮಗೆ ಸಿಗುವ ಪರೀಕ್ಷೆ. ಹತ್ತು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡಿನಲ್ಲಿ ಗೆರೆ ಮೂಡುತ್ತದೆ ಅಥವಾ ಮೂಡುವುದಿಲ್ಲ. ಅದು ಪ್ರಮಾಣವನ್ನು ಹೇಳುವುದಿಲ್ಲ. ಗೆರೆ ದಪ್ಪಗಿದೆ, ಆದ್ದರಿಂದ ರೋಗ ಜೋರಾಗಿದೆ ಎಂದು ಓದುವುದು ತಪ್ಪು. ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಡೆಂಗಿಯನ್ನು ಖಚಿತಪಡಿಸಲು ಎಲೈಸಾ ವಿಧಾನವೇ ಬೇಕು. ಕರ್ನಾಟಕ ಸರ್ಕಾರವು 2024ರ ಜುಲೈಯಲ್ಲಿ ಖಾಸಗಿ ಲ್ಯಾಬುಗಳಲ್ಲಿ ಎನ್‌ಎಸ್-1 ಎಲೈಸಾಗೆ 300 ರೂಪಾಯಿಯ ಮಿತಿ ನಿಗದಿ ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಪರೀಕ್ಷೆ ಬಡವರ ಕೈಗೆಟುಕುವುದು ಒಳ್ಳೆಯದೇ. ಅದರ ಫಲಿತಾಂಶವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದೂ ಅಷ್ಟೇ ಅಗತ್ಯ.

ಕೋವಿಡ್ ಕಾಲದ ಒಂದು ಅಧ್ಯಯನ

ಪ್ರಮಾಣವನ್ನು ನಿಖರವಾಗಿ ಅಳೆದರೆ ಏನಾಗಬಹುದೆಂಬುದಕ್ಕೆ ಕೋವಿಡ್ ಒಂದು ಒಳ್ಳೆಯ ಉದಾಹರಣೆ ಕೊಟ್ಟಿದೆ. ಕೋವಿಡ್ ಎಂದಾಗ ನಮಗೆ ನೆನಪಾಗುವುದು ಮೂಗಿನ ಸ್ವಾಬ್. ಆದರೆ ಆ ವೈರಸ್‌ನ ಒಳಗಿನ 'ನ್ಯೂಕ್ಲಿಯೋಕ್ಯಾಪ್ಸಿಡ್' ಎಂಬ ಪ್ರೋಟೀನ್ ರಕ್ತದಲ್ಲೂ ಸಿಗುತ್ತದೆ. 10 ದೇಶಗಳ 114 ಕೇಂದ್ರಗಳಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ 2,540 ರೋಗಿಗಳ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಇವರೆಲ್ಲ ಔಷಧಗಳ ಪ್ರಯೋಗವೊಂದಕ್ಕೆ ಸೇರಿದ್ದ ರೋಗಿಗಳು.

ದಾಖಲಾಗುವಾಗ ಆಮ್ಲಜನಕದ ನೆರವು ಬೇಡವಾಗಿದ್ದ ರೋಗಿಗಳನ್ನೇ ನೋಡೋಣ. ಅವರಲ್ಲಿ ಪ್ಲಾಸ್ಮಾದ ಒಂದು ಲೀಟರಿಗೆ 1,000 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಇದ್ದವರ ಉಸಿರಾಟದ ಸ್ಥಿತಿ ಐದನೇ ದಿನದ ಹೊತ್ತಿಗೆ ಹದಗೆಡುವ ಸಂಭವ, ಕಡಿಮೆ ಇದ್ದವರಿಗಿಂತ ಸುಮಾರು ಐದು ಪಟ್ಟು ಇತ್ತು. ಒಟ್ಟು ರೋಗಿಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಗೆ ತಗುಲಿದ ಮಧ್ಯಮ ಅವಧಿ ಹೆಚ್ಚು ಇದ್ದವರಲ್ಲಿ 7 ದಿನ, ಕಡಿಮೆ ಇದ್ದವರಲ್ಲಿ 4 ದಿನ. ಹಾಸಿಗೆಯ ಮೇಲೆ ಕುಳಿತು ಚೆನ್ನಾಗಿ ಮಾತನಾಡುತ್ತಿರುವ ಇಬ್ಬರು ರೋಗಿಗಳು ಹೊರನೋಟಕ್ಕೆ ಒಂದೇ ತರ ಕಾಣಬಹುದು. ಅವರಲ್ಲಿ ಯಾರ ಮೇಲೆ ಹೆಚ್ಚು ಕಣ್ಣಿಡಬೇಕೆಂದು ರಕ್ತದ ಪ್ರೋಟೀನ್ ಮೊದಲೇ ಸೂಚಿಸಿತ್ತು.

ಒಂದು ಸಂಗತಿ ಗಮನಿಸಿ. ಕೋವಿಡ್‌ನ ಈ ಗಡಿಯನ್ನು ಮಿಲಿಲೀಟರಿಗೆ ಇಳಿಸಿದರೆ ಅದು 1 ನ್ಯಾನೋಗ್ರಾಂ ಮಾತ್ರ. ಥಾಯ್ಲೆಂಡಿನ ಡೆಂಗಿ ಅಧ್ಯಯನದ ಗಡಿ 600. ಪ್ರತಿಯೊಂದು ವೈರಸ್‌ಗೂ ಅದರದ್ದೇ ಅಳತೆಗೋಲು. ಒಂದರ ಗಡಿಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಸ್ವಲ್ಪ ಲೆಕ್ಕ

ಈಗ ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಇದು ಅಧ್ಯಯನದ ಅಂಕಿ ಅಂಶವಲ್ಲ, ಊಹೆಯ ಉದಾಹರಣೆ. ನೂರು ಜನ ಡೆಂಗಿ ರೋಗಿಗಳಿದ್ದಾರೆ, ಅವರಲ್ಲಿ 5 ಜನರಿಗೆ ರೋಗ ತೀವ್ರವಾಗಲಿದೆ ಎನ್ನೋಣ. ನಮ್ಮಲ್ಲಿರುವ ಪರೀಕ್ಷೆ ಶೇಕಡಾ 80ರಷ್ಟು ಸರಿ, ಅಂದರೆ ತೀವ್ರವಾಗುವವರಲ್ಲಿ ಶೇ. 80 ಜನರನ್ನು ಹಿಡಿಯುತ್ತದೆ, ತೀವ್ರವಾಗದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಟ್ಟುಕೊಡುತ್ತದೆ.

ಐವರಲ್ಲಿ 4 ಜನ ಸಿಕ್ಕಿದರು, ಒಬ್ಬ ತಪ್ಪಿಹೋದ. ಉಳಿದ 95 ಜನರಲ್ಲಿ 76 ಜನರಿಗೆ 'ಅಪಾಯವಿಲ್ಲ' ಎಂದು ಸರಿಯಾಗಿ ಹೇಳಿತು. ಆದರೆ 19 ಜನರಿಗೆ ಸುಮ್ಮನೆ 'ಅಪಾಯವಿದೆ' ಎಂದಿತು. ಈಗ ಒಟ್ಟು 23 ಜನರ ಕೈಯಲ್ಲಿ ಅಪಾಯದ ಚೀಟಿ ಇದೆ. ನಿಜವಾಗಿ ತೀವ್ರವಾಗುವವರು ಅವರಲ್ಲಿ ನಾಲ್ವರು ಮಾತ್ರ. 77 ಜನರ ಕೈಯಲ್ಲಿ ಧೈರ್ಯದ ಚೀಟಿ ಇದೆ. ಅವರಲ್ಲಿ ಒಬ್ಬನಿಗೆ ಅದು ಸುಳ್ಳು ಧೈರ್ಯ.

'ಶೇಕಡಾ 80 ಸರಿ' ಎಂದು ಕೇಳಿದಾಗ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ, ಈ ಲೆಕ್ಕ ತೋರಿಸುವ ಚಿತ್ರವೇ ಬೇರೆ. ಹಾಗಾಗಿ ಅಪಾಯದ ಚೀಟಿ ಬಂದರೆ ಅದರ ಅರ್ಥ "ಇವರನ್ನು ಹತ್ತಿರದಿಂದ ನೋಡಿಕೊಳ್ಳಿ" ಎಂದಷ್ಟೆ. ಧೈರ್ಯದ ಚೀಟಿ ಬಂದರೆ, "ಸದ್ಯಕ್ಕೆ ಮನೆಯಲ್ಲಿರಬಹುದು, ಆದರೆ ಲಕ್ಷಣ ಕಂಡರೆ ಮರಳಿ ಬನ್ನಿ" ಎಂದು ಅರ್ಥ. ಪರೀಕ್ಷೆ ಎಷ್ಟೇ ಉತ್ತಮವಾದರೂ ರೋಗಿಯ ಪಕ್ಕದಲ್ಲಿ ಎಚ್ಚರದಿಂದ ಇರುವವರ ಅಗತ್ಯ ತಪ್ಪುವುದಿಲ್ಲ.

ಇಂದು ಮನೆಯಲ್ಲಿ ನಾವು ಮಾಡಬೇಕಾದ್ದು

ಡೆಂಗಿಯಲ್ಲಿ ಅಪಾಯದ ಘಟ್ಟ ಬರುವುದು ಜ್ವರ ಏರಿರುವಾಗಲ್ಲ, ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಪ್ಲಾಸ್ಮಾ ಸೋರಿಕೆ ಆಗುವುದಾದರೆ ಆಗಲೇ ಆರಂಭವಾಗಿ 24ರಿಂದ 48 ಗಂಟೆ ಇರುತ್ತದೆ. "ಜ್ವರ ಬಿಟ್ಟಿದೆ, ಮಗು ಸುಮ್ಮನೆ ಮಲಗಿದೆ" ಎಂದು ಮನೆಯವರು ನೆಮ್ಮದಿಯಿಂದಿರುವ ಆ ಎರಡು ದಿನಗಳಲ್ಲೇ ಹೆಚ್ಚು ಎಚ್ಚರ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಎಚ್ಚರಿಕೆಯ ಲಕ್ಷಣಗಳ ಪಟ್ಟಿಯೊಂದನ್ನು ಕೊಟ್ಟಿತು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಹೊಟ್ಟೆ ಅಥವಾ ಎದೆಯಲ್ಲಿ ನೀರು ತುಂಬುವುದು, ಯಕೃತ್ತು ದೊಡ್ಡದಾಗುವುದು, ರಕ್ತ ಗಟ್ಟಿಯಾಗುತ್ತಾ ಪ್ಲೇಟ್‌ಲೆಟ್ ವೇಗವಾಗಿ ಕುಸಿಯುವುದು. ಇವುಗಳಲ್ಲಿ ಮೊದಲ ನಾಲ್ಕನ್ನು ಯಾವ ಲ್ಯಾಬೂ ಇಲ್ಲದೆ ಮನೆಯ ತಾಯಂದಿರೇ ಗುರುತಿಸಬಲ್ಲರು. ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಒಂದು ನಿಮಿಷವೂ ಕಾಯಬಾರದು.

ನಮ್ಮ ಜನರ ಗಮನವೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಹೆಮಟೋಕ್ರಿಟ್ ಸಂಖ್ಯೆ ಅದೇ ವರದಿಯಲ್ಲಿರುತ್ತದೆ, ಅದನ್ನು ಕೇಳುವವರು ಕಡಿಮೆ. ಸೋರಿಕೆಯ ಸುಳಿವು ಕೊಡುವುದು ಅದೇ. ಇನ್ನು ರಕ್ತಸ್ರಾವವಿಲ್ಲದಿದ್ದರೂ ಪ್ಲೇಟ್‌ಲೆಟ್ ಹಾಕಿಸಬೇಕೆಂದು ಹಟ ಹಿಡಿಯುವವರಿದ್ದಾರೆ. ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೂ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ತೊಂದರೆಗಳೇ ಹೆಚ್ಚಾದವು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಗಂಜಿ, ಎಳನೀರು, ಓಆರ್‌ಎಸ್ ಕೊಡುತ್ತಿರಬೇಕು. ಸಕಾಲದಲ್ಲಿ ಸರಿಯಾದ ಪ್ರಮಾಣದ ದ್ರವ ಚಿಕಿತ್ಸೆ ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾವಿನ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ. ಇದು ದೊಡ್ಡ ಭರವಸೆಯ ಮಾತು.

ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ, ವಿಜ್ಞಾನದ ಈ ಕೆಲಸ ಇನ್ನೂ ಅರ್ಧದಲ್ಲಿದೆ. ರಕ್ತದ ಪ್ರೋಟೀನ್ ಮುನ್ಸೂಚನೆ ಕೊಡಬಲ್ಲದೆಂದು ಹೆಪಟೈಟಿಸ್-ಬಿ ತೋರಿಸಿತು, ಡೆಂಗಿ ಮತ್ತು ಕೋವಿಡ್ ದಾರಿ ತೋರಿಸಿವೆ. ತಾಲೂಕು ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ಎನ್‌ಎಸ್-1ನ ಪ್ರಮಾಣವನ್ನು ಅಳೆದು, ಜ್ವರದ ದಿನ, ಹಿಂದಿನ ಸೋಂಕು, ಹೆಮಟೋಕ್ರಿಟ್ ಎಲ್ಲವನ್ನೂ ಕೂಡಿಸಿ, "ಈ ಮಗುವನ್ನು ಕಳಿಸಬೇಡಿ, ಆ ಮಗುವನ್ನು ಧೈರ್ಯವಾಗಿ ಕಳಿಸಿ" ಎಂದು ಹೇಳಬಲ್ಲ ಸಾಧನ ಬೇಕು. ಅದಕ್ಕೆ ವೈದ್ಯರು ಮಾತ್ರ ಸಾಲದು. ಜೀವರಸಾಯನ ಶಾಸ್ತ್ರ ಓದಿದವರು, ಸಂಖ್ಯಾಶಾಸ್ತ್ರ ಬಲ್ಲವರು, ಲ್ಯಾಬ್ ತಂತ್ರಜ್ಞರು, ಶುಶ್ರೂಷಕಿಯರು, ಎಲ್ಲರೂ ಬೇಕು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹಲವರು ಈ ಕೋರ್ಸುಗಳಲ್ಲಿದ್ದೀರಿ. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕೊರಗುವವರು ಈ ದಾರಿಗಳನ್ನೂ ನೋಡಬೇಕೆಂದು ನನ್ನ ವಿನಂತಿ.

ಸಂಘದ ಸದಸ್ಯರಲ್ಲಿ ನನ್ನದೊಂದು ಸಲಹೆ. ಮಳೆಗಾಲಕ್ಕೆ ಮುಂಚೆ ಆ ಎಚ್ಚರಿಕೆಯ ಲಕ್ಷಣಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, "ಜ್ವರ ಇಳಿದ ಮೇಲೂ ಎರಡು ದಿನ ಎಚ್ಚರ" ಎಂಬ ಸಾಲನ್ನು ಮೇಲೆ ದಪ್ಪಕ್ಷರದಲ್ಲಿ ಬರೆಸಿ ಮನೆಮನೆಗೆ ತಲುಪಿಸಿ. ಕನ್ನಡ ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳೇ ಬ್ಯಾರಿಯಲ್ಲೋ ಉರ್ದುವಿನಲ್ಲೋ ತುಳುವಿನಲ್ಲೋ ಓದಿ ಹೇಳಲಿ. ಜೊತೆಗೆ ವಾರಕ್ಕೊಮ್ಮೆ ಡ್ರಮ್ಮು, ಟ್ಯಾಂಕು, ಹೂಕುಂಡದ ತಟ್ಟೆಗಳ ನೀರು ಚೆಲ್ಲುವ ಅಭ್ಯಾಸ ಬೆಳೆಯಲಿ. ಸೊಳ್ಳೆಯೇ ಹುಟ್ಟದಿದ್ದರೆ ಎನ್‌ಎಸ್-1 ಚೀಟಿಯ ಪ್ರಶ್ನೆಯೇ ಬಾರದು.

 ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.